ಕುಗ್ಗುವ ಲೆಕ್ಕ

ಉದ್ಯಮಬಾಗದ ಫೌಂಡ್ರಿ, ಬೆಳಗಿನ ಎಂಟು.
ಬೆಳಗಾವಿಯ ಮಂಜು ಇನ್ನೂ
ಭಟ್ಟಿಯ ಹೊಗೆಗೆ ಜಾಗ ಬಿಟ್ಟಿಲ್ಲ.
ನೇಮಕಪತ್ರದಲ್ಲಿ ನನ್ನ ಹುದ್ದೆ:
ಎಂಟರ್‌ಪ್ರೈಸ್ ಆರ್ಕಿಟೆಕ್ಟ್.
ಗೇಟಿನ ದಸ್ತಗೀರ ಓದಿ, ತಲೆಯೆತ್ತಿ ಕೇಳಿದ:
“ಹೊಸಾ ಶೆಡ್ ಎಲ್ಲಿ ಕಟ್ತೀರಿ, ಬಾಯಾರ?”

ಶೆಡ್ಡಲ್ಲ, ಅಂದೆ. ಇದ್ದದ್ದು ಹೇಗೆ ನಿಂತಿದೆ
ಅಂತ ನೋಡುವ ಕೆಲಸ.
“ಅದಕ್ಕೂ ಪಗಾರ ಕೊಡ್ತಾರೇನ್ರಿ?” ಅಂದು
ರಿಜಿಸ್ಟರಿನಲ್ಲಿ ಬರೆದುಕೊಂಡ: ಇಂಜಿನಿಯರ್, ಕಟ್ಟಡ.

ಮೊದಲ ತಿಂಗಳು ಬರೀ ಕೇಳುತ್ತ ತಿರುಗಿದೆ.
ಒಂದು ಪಂಪಿನ ಕೇಸಿಂಗು, ಇಲ್ಲಿಯದೇ ಎರಕ.
ಸ್ಟೋರಿನ ಕಿಲ್ಲೇಕರರಿಗೆ ಅದು ‘ಸಿ ನೂರಾ ಹದಿನಾಲ್ಕು’,
ಲೆಕ್ಕದ ಶೈಲಕ್ಕ ಹಂಜಿಗೆ ‘ಎರಕ, ಇತರೆ’,
ಸಾಂಗ್ಲಿಯ ಗಿರಾಕಿಯ ಆರ್ಡರಿನಲ್ಲಿ ಹನ್ನೊಂದು ಅಂಕೆ,
ಮೋಲ್ಡಿಂಗಿನ ಹುಡುಗರಿಗೆ, ಆಕಾರ ನೋಡಿ, ‘ಆನಿಕಿವಿ’.
ನಾಲ್ಕು ಹೆಸರು, ಒಂದೇ ಕಬ್ಬಿಣ,
ನಾಲ್ಕು ಕಂಪ್ಯೂಟರು, ಒಂದಕ್ಕೊಂದು ಮಾತಿಲ್ಲ,
ಬೀಗರ ಜಗಳದ ಹಾಗೆ:
ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ.

ಅಳತೆ ಬದಲಾದದ್ದು ಮೂರು ಹೆಸರಿಗೆ ತಿಳಿದಿತ್ತು,
ನಾಲ್ಕನೆಯದಕ್ಕೆ ಇಲ್ಲ.
ಸಾಂಗ್ಲಿಗೆ ಹೋದ ಲಾರಿ
ಎರಡೂ ಕಡೆ ಟೋಲು ಕಟ್ಟಿ, ತುಂಬಿದ್ದು ತುಂಬಿದ ಹಾಗೇ
ತಿರುಗಿ ಬಂತು.
ಆ ಲಾರಿ ಬಂದ ಮೇಲೇ ನನ್ನನ್ನು ಕರೆಸಿದ್ದು.

ಬರೆದೆ ನಕ್ಷೆ, ಗೋಡೆಯಷ್ಟು ಅಗಲ.
ಡಬ್ಬಿ, ಡಬ್ಬಿಯಿಂದ ಬಾಣ, ಬಾಣದ ಮೊನೆಗೆ ಡಬ್ಬಿ.
ಇಂದಿನದು ನೀಲಿ, ಮೂರು ವರ್ಷದಾಚೆಯದು ಹಸಿರು.
ಸಭೆ ಕೂಡಿತು, ಬಿಸ್ಕೀಟು ಬಂತು,
ಚೌಗುಲೆ ಸಾಹೇಬರು ಹಸಿರನ್ನು ಮೆಚ್ಚಿದರು.
ಶೈಲಕ್ಕ ಮಾತ್ರ ನೀಲಿಯ ಮೂಲೆಯಲ್ಲಿ
ತನ್ನ ಡಬ್ಬಿ ಹುಡುಕಿ
“ಇಷ್ಟಽ ಏನು ನಾ?” ಅಂದಳು.
ಅದಕ್ಕೆ ನನ್ನ ಹತ್ತಿರ ಬಾಣವಿರಲಿಲ್ಲ.

ಹದಿನೈದು ದಿನಕ್ಕೆ ಕಿಲ್ಲೇಕರರು
ಮತ್ತೆ ಕೆಂಪು ವಹಿ ಹೊರತೆಗೆದರು.

ಸಿಟ್ಟಿನಲ್ಲಿ ಪ್ಯಾಟರ್ನ್ ಶಾಪಿಗೆ ಹೋಗಿ ಕೂತೆ.
ಸಾಗವಾನಿಯ ಹೊಟ್ಟು, ಸರಸಿನ ವಾಸನೆ.
ಮೋನಪ್ಪ ಬಡಿಗೇರ ಕಟ್ಟಿಗೆಯಲ್ಲಿ
ಆನಿಕಿವಿ ಕೆತ್ತುತ್ತಿದ್ದ.
ಅವನ ಅಳತೆಗೋಲು ನನ್ನದಕ್ಕಿಂತ ಕೂದಲೆಳೆ ಉದ್ದ,
ಎರಡರ ಮೇಲೂ ಅದೇ ಅಂಕೆ.

ನಿಮ್ಮ ಕೋಲು ತಪ್ಪಿದೆ, ಅಂದೆ.
“ತಪ್ಪಲ್ರಿ. ಕಬ್ಬಿಣ ಆರಿದ್ರ ಕುಗ್ತದ.
ಮೀಟರಿಗೆ ಹತ್ತು ಮಿಲಿ.
ಅಷ್ಟು ಮೊದಲಽ ಕೂಡಿಸಿ ಗೆರಿ ಕೊರದಾರ ಇದಕ್ಕ.
ಇದು ಸುಳ್ಳು ಹೇಳಿದ್ರಽ ಎರಕ ಖರೇ ಆಗ್ತದ.”
ಉಳಿಗೆ ಎಣ್ಣೆ ಹಚ್ಚುತ್ತ, ನನ್ನ ಕಡೆ ನೋಡದೆ:
“ನಿಮ್ಮ ನಕ್ಷಾದಾಗ
ಮನಶ್ಯಾಗ ಎಷ್ಟು ಬಿಟ್ಟೀರಿ?”

ಎಸಿ ಕೋಣೆಯಿಂದ ನಕ್ಷೆಯನ್ನು ಇಳಿಸಿದೆ,
ಕೈತೊಳೆಯುವ ನಳದ ಪಕ್ಕ ಅಂಟಿಸಿದೆ,
ಸುತಳಿಗೆ ಪೆನ್ಸಿಲ್ಲು ಕಟ್ಟಿ ಇಳಿಬಿಟ್ಟೆ.
ಒಂದು ವಾರ ಯಾರೂ ಮುಟ್ಟಲಿಲ್ಲ.
ಎಂಟನೆಯ ದಿನ ಒಂದು ಬಾಣ ತಿರುಗಿ ನಿಂತಿತ್ತು,
ಪಕ್ಕದಲ್ಲಿ ಎಣ್ಣೆಯ ಬೆರಳು.
ತಿದ್ದಿದ್ದು ಸರಿಯಾಗಿಯೇ ಇತ್ತು.
ಆಮೇಲೆ ‘ಸಿ ನೂರಾ ಹದಿನಾಲ್ಕ’ಕ್ಕೆ ಕಾಟು,
ಮೇಲೆ ದಪ್ಪಕ್ಕೆ ‘ಆನಿಕಿವಿ’.

ನಾಲ್ಕೂ ಕಂಪ್ಯೂಟರಿಗೆ ಈಗ ಅದೇ ಹೆಸರು ಕಲಿಸುತ್ತಿದ್ದೇನೆ.
ಶೈಲಕ್ಕನ ಬಿಲ್ಲಿನಲ್ಲಿ ಅದು ಅಚ್ಚಾದ ದಿನ
ಸಾಂಗ್ಲಿಯವರು ಫೋನು ಮಾಡಿ ನಕ್ಕರು.
ನಗಲಿ. ಲಾರಿ ತಿರುಗಿ ಬರಲಿಲ್ಲ.
ಕೆಂಪು ವಹಿ ಇನ್ನೂ ಇದೆ, ಕಪಾಟಿನಲ್ಲಿ.
ಇರಲಿ, ಮೀಟರಿಗೆ ಹತ್ತು ಮಿಲಿ.

ಮೊನ್ನೆ ನಕ್ಷೆಯ ಅಂಚಿನಾಚೆ, ಸುಣ್ಣದ ಗೋಡೆಯ ಮೇಲೇ
ಒಂದು ಹೊಸ ಡಬ್ಬಿ: ‘ದತ್ತೂನ ಚಾದಂಗಡಿ’.
ಸ್ಟೋರಿನಿಂದ, ಲೆಕ್ಕದಿಂದ, ಭಟ್ಟಿಯಿಂದ,
ಸಾಹೇಬರ ಕ್ಯಾಬಿನ್ನಿನಿಂದಲೂ
ಅದಕ್ಕೆ ಬಾಣ.
ಅಕ್ಷರ ದಸ್ತಗೀರನದು.
ಅಳಿಸಿ, ಅಂದರು ಸಾಹೇಬರು.
ರಬ್ಬರು ಹುಡುಕುತ್ತಿದ್ದೇನೆ,
ಮೂರು ದಿನದಿಂದ,
ದತ್ತೂನ ಬೆಂಚಿನ ಮೇಲೆ ಚಾ ಕುಡಿಯುತ್ತ.