ಷರಾ

ಮಾರ್ಚ್ ಕೊನೆ. ಕೋಗಾರು ಘಟ್ಟದಾಚೆ
ದಾರಿ ಮುಗಿದ ಮೇಲೂ ಎರಡು ಹಳ್ಳ.
ಕರೆಂಟು ಲೈನು ಹಾಯುವಷ್ಟು ಅಗಲಕ್ಕೆ ಮರ ಎಣಿಸಬೇಕು.
ಗುತ್ಯಪ್ಪ ಟೇಪು ಹಿಡಿಯುತ್ತಾನೆ, ನಾನು ಬರೆಯುತ್ತೇನೆ:
ಜಾತಿ, ಸುತ್ತಳತೆ, ಎತ್ತರ, ಷರಾ.
ಕೆಂಪು ಬಣ್ಣದ ಡಬ್ಬಿ ಹುಡುಗನ ಕೈಲಿ.

ಧೂಪ. ಬಲಿಗೆ. ಮತ್ತೆ ಧೂಪ.
ಮಧ್ಯಾಹ್ನದ ಹೊತ್ತಿಗೆ ಕಾಡು ಬರೀ ಕೂಡುವ ಲೆಕ್ಕ.

ನಾನೂರ ಹನ್ನೆರಡರ ಬುಡದಲ್ಲಿ ಗುತ್ಯಪ್ಪ ನಿಂತ.
ಬೇರಿನ ಸಂದಿಯಲ್ಲಿ ರಾಮಪತ್ರೆ ಬೀಜ, ಅತ್ತಿಯ ಸಿಪ್ಪೆ, ಹಿಕ್ಕೆ.
"ಮ್ಯಾಲೆ ಬಾಣ್ತಿ ಐತೆ" ಅಂದ, ದನಿ ತಗ್ಗಿಸಿ.
ಪೊಟರೆಯ ಬಾಯಿಗೆ ಮಣ್ಣು ಮೆತ್ತಿತ್ತು,
ಉಳಿದದ್ದು ಕೊಕ್ಕಿನಗಲದ ಸೀಳು.
ಒಳಗೆ ಅವಳು, ರೆಕ್ಕೆಗರಿ ಉದುರಿಸಿಕೊಂಡು,
ಹಾರಲಾಗದ ಹೊತ್ತನ್ನು ತಾನೇ ಆರಿಸಿಕೊಂಡವಳು.

ಆಗ, ಕಾಡಿನ ನೆತ್ತಿಯ ಮೇಲೆ ಯಾರೋ
ದೊಡ್ಡ ಮೊರದಲ್ಲಿ ಭತ್ತ ಕೇರಿದ ಸದ್ದು.
ಗಂಡು ಮಂಗಟ್ಟೆ ನಮ್ಮನ್ನು ಕಂಡಿತು, ಕೂರಲಿಲ್ಲ;
ಇನ್ನೊಂದು ಸುತ್ತು ಬಂತು,
ಗಂಟಲ ತುಂಬಿದ ಹಣ್ಣನ್ನು ಹೊತ್ತುಕೊಂಡೇ ಹೋಯಿತು.
ಅವಳಿಗೆ ಒಂದು ಹೊತ್ತಿನ ಊಟ ನಮ್ಮಿಂದ ತಪ್ಪಿತು.

ಷರಾಕ್ಕೆ ಒಂದೂವರೆ ಇಂಚು ಜಾಗ.
'ಪೊಳ್ಳು. ನಾಟಾಕ್ಕೆ ಬಾರದು' ಎಂದು ಬರೆದೆ.
ಉಳಿಸಿದೆ ಅಂದುಕೊಂಡೆ.
ಬೆಲೆಯಿಲ್ಲದ ಮರಕ್ಕೇ ಮೊದಲ ಕೊಡಲಿ ಎಂಬುದು
ಹೊಳೆದದ್ದು ಹಳ್ಳ ದಾಟಿದ ಮೇಲೆ.

ಗುತ್ಯಪ್ಪ ಹಿಂದೆಯೇ ಉಳಿದಿದ್ದ,
ಕತ್ತಿ ಮೊನೆಯಿಂದ ಅಂಕಿ ಕೆರೆಯುತ್ತ.
ನಾನು ಕೂಗಲಿಲ್ಲ. ಹುಡುಗನೂ ಕೇಳಲಿಲ್ಲ.
ಕೆಂಪು ಹೋಯಿತು, ತೊಗಟೆಯೂ ಹೋಯಿತು.
ಸಂಜೆ ಅವನ ಬೆರಳಲ್ಲಿ ಧೂಪದ ಅಂಟು,
ದೇವರ ಕೋಣೆಯ ವಾಸನೆ.

ಪುಸ್ತಕದಲ್ಲಿ ಮಾತ್ರ ನಾನೂರ ಹನ್ನೆರಡು ಇದ್ದೇ ಇದೆ,
ನನ್ನ ಅಕ್ಷರ, ನನ್ನ ಸಹಿ.