ಹನ್ನೊಂದು ಯೂನಿಟ್ಟು

ಲೈಲ್ ಹೌಗನ್ ಟೋಪಿ ತೆಗೆದು ಕೌಂಟರಿನ ಮೇಲಿಟ್ಟ.
ಮಾರ್ಚಿ ಬಂದರೂ ಡಕೋಟಾದಲ್ಲಿ ಟೋಪಿ ತುಂಬ ಹಿಮ;
ಅದು ಕರಗಿ ನನ್ನ ರಸೀದಿ ಪುಸ್ತಕ ಒದ್ದೆ.
ಏನೂ ಅನ್ನಲಿಲ್ಲ. ಹತ್ತೊಂಬತ್ತು ವರ್ಷ
ಈ ಗಾಜಿನ ಹಿಂದೆ ಕೂತವಳು ನಾನು.

ಮಾಜಿ ಸೈನಿಕರಿಗೆ ಮನೆ ಕಂದಾಯದ ವಿನಾಯಿತಿ:
ಅರ್ಜಿ ಎರಡೇ ಪುಟ. ಮೂರನೇ ಕಲಮು ಮಾತ್ರ ಮುಳ್ಳು.
ಜನವರಿ ಒಂದರಂದು ಈ ಮನೆಯಲ್ಲಿ ವಾಸವಿದ್ದಿರಾ?
ಹಿಂದಿನ ಹನ್ನೆರಡು ತಿಂಗಳೂ, ಬಿಡದೆ?

'ಬಿಡದೆ' ಎಂಬಲ್ಲಿ ಅವನ ಬೆರಳು ನಿಂತಿತು.

ಅಕ್ಟೋಬರಿನಿಂದ ಫೆಬ್ರುವರಿ ಮುಗಿಯುವ ತನಕ
ಮಿನಿಯಾಪೊಲಿಸ್ಸಿನ ಆಸ್ಪತ್ರೆ, ತಂಗಿ ಮನೆಯ ಸೋಫಾ,
ಮತ್ತೆ ಆಸ್ಪತ್ರೆ.
ಶ್ವಾಸಕೋಶ ವಾಸಿಯಾಗಲೆಂದು ಹೋದವನು
ಎಲ್ಲಿಯ ವಾಸಿಯೂ ಅಲ್ಲದೆ ಮರಳಿದ್ದಾನೆ,
ಕಾಗದದ ಪ್ರಕಾರ.

"ಅರವತ್ತೆಂಟರಲ್ಲಿ ಒಂದು ಗುಡ್ಡ," ಅಂದ.
"ಹೆಸರಿರಲಿಲ್ಲ, ನಂಬರಿತ್ತು.
ಅಲ್ಲಿಗೂ ಬರುತ್ತಿತ್ತು ಅಮ್ಮನ ಕಾಗದ:
ಆಲೂಗಡ್ಡೆ ಬೆಲೆ, ಕರು ಹಾಕಿದ ಹಸು.
ಆಗ ನಾನು ಎಲ್ಲಿ ವಾಸವಿದ್ದೆ? ನೀನೇ ಬರಿ, ಆಡ್ರಿಸ್."

ಅದಕ್ಕೆ ಅರ್ಜಿಯಲ್ಲಿ ಗೆರೆ ಎಳೆದಿಲ್ಲ.

ಪುರಾವೆ ಕೇಳಿದೆ. ಕೇಳದೆ ವಿಧಿಯಿಲ್ಲ;
ಅರಿಜೋನಾದ ಬಿಸಿಲಲ್ಲಿ ಗಾಲ್ಫ್ ಆಡುತ್ತ
ಇಲ್ಲಿಯ ವಿನಾಯಿತಿ ಉಂಡವರೂ ಇದ್ದರು ಕಳೆದ ವರ್ಷ.
ಅವರ ಪಾಲನ್ನು ತುಂಬಿದ್ದು
ಶಾಲೆ ಬಸ್ಸು ಓಡಿಸುವ ನನ್ನ ಅಕ್ಕನಂಥವರು.

ಒಳಜೇಬಿನಿಂದ ಕರೆಂಟು ಬಿಲ್ಲು ತೆಗೆದ, ಐದು.
ಹನ್ನೊಂದು. ಹನ್ನೊಂದು. ಹನ್ನೊಂದು.
ಹನ್ನೊಂದು. ಹತ್ತು.
ಇಷ್ಟರಲ್ಲಿ ಇಲಿಯೂ ಬದುಕದು ಅಂತಾನೆ
ನಮ್ಮ ಸಾಹೇಬ ಇದನ್ನು ನೋಡಿದರೆ.

"ಮುಂಬಾಗಿಲ ದೀಪ. ಹದಿನೈದು ವ್ಯಾಟು."
ಯಾರಿಗಾಗಿ, ಕೇಳಿದೆ.
"ಹಿಮ ಗೋರುವ ಗಾಡಿಯವನಿಗೆ.
ಕತ್ತಲಲ್ಲಿ ನನ್ನ ಅಂಚೆಡಬ್ಬಿ ಕೆಡವುತ್ತಾನೆ, ಬಡ್ಡೀಮಗ.
ಮನೆ ಇದೆ ಅಂತ ಗೊತ್ತಾಗಬೇಕಲ್ಲ."

ಊಟದ ಹೊತ್ತಿನಲ್ಲಿ, ಬ್ರೆಡ್ಡು ಒಂದು ಕೈಯಲ್ಲಿ,
ಲೆಕ್ಕ ಹಾಕಿದೆ:
ಹದಿನೈದು ವ್ಯಾಟು, ಇಪ್ಪತ್ನಾಲ್ಕು ಗಂಟೆ, ಮೂವತ್ತೊಂದು ದಿನ.
ಹನ್ನೊಂದು ಚಿಲ್ಲರೆ. ಫೆಬ್ರುವರಿ ಚಿಕ್ಕದು.
ಹಗಲಲ್ಲೂ ಆರಿಸಲು ಯಾರೂ ಇರಲಿಲ್ಲ
ಎನ್ನುವುದಕ್ಕೂ ಇದೇ ಸಾಕ್ಷಿ. ನನಗೆ ಗೊತ್ತು.

ಟಿಪ್ಪಣಿಯ ಜಾಗದಲ್ಲಿ ಬರೆದೆ: ದೀಪ ಉರಿಯುತ್ತಿತ್ತು.
ಹೊಡೆದುಹಾಕಿದೆ.
ಕಾನೂನು ಒಪ್ಪುವಂತೆ ಮತ್ತೆ ಬರೆದೆ:
ಅರ್ಜಿದಾರನಿಗೆ ಮರಳುವ ಉದ್ದೇಶವಿತ್ತು.

ಮಂಗಳವಾರ ಐದು ಜನ ಕೂತು ಕೈ ಎತ್ತುತ್ತಾರೆ,
ಅಥವಾ ಇಲ್ಲ.
ರಸೀದಿ ಪುಸ್ತಕ ಒಣಗಿದೆ.
ಹಾಳೆಗಳು ಮಾತ್ರ ಸೊಟ್ಟ, ಮುಚ್ಚಿದರೆ
ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.