ಕುದಿ ಬರಬಾರದು

ಆಷಾಢದಲ್ಲಿ ಯಾರಾದರೂ ಹಬ್ಬ ಮಾಡುತ್ತಾರೆಯೇ?
ಬ್ಯಾಲರಾಟ್‌ನಲ್ಲಿ ಮಾಡುತ್ತಾರೆ. ಜುಲೈ ನಡುವಿಗೆ,
ಕಾರಿನ ಗಾಜಿಗೆ ಹತ್ತಿದ ಮಂಜನ್ನು
ಹಳೆಯ ಬ್ಯಾಂಕ್ ಕಾರ್ಡಿನಿಂದ ಕೆರೆಯುವ ದಿನಗಳಲ್ಲಿ
ನಮ್ಮ ಬೀದಿಯವರು ನೊರೀನಳ ಗ್ಯಾರೇಜಿನಲ್ಲಿ ಸೇರುತ್ತಾರೆ.
ಅರ್ಧ ಡ್ರಮ್ಮಿನಲ್ಲಿ ಬೆಂಕಿ, ಮಡಿಚುವ ಕುರ್ಚಿಗಳು.
ಡಿಸೆಂಬರಿನ ಬಿಸಿಲಲ್ಲಿ ಬೆವತು ಮುಗಿಸಿದ ಕ್ರಿಸ್‌ಮಸ್ಸನ್ನು
ಚಳಿಗೆ ಇನ್ನೊಂದು ಸಲ ಮಾಡುತ್ತಾರೆ,
ಯಾವ ಪಂಚಾಂಗವನ್ನೂ ಕೇಳದೆ.

ಪಂಚ್ ಕಾಯಿಸುತ್ತಿದ್ದವನು ಡೆಸ್.
ಮಾರ್ಚಿನಲ್ಲಿ ಹೋದ. ಏನೂ ಬರೆದಿಟ್ಟಿರಲಿಲ್ಲ.
ಉಳಿದದ್ದು ಪಾತ್ರೆ,
ಕೆರೆಯ ಏಡಿ ಬೇಯಿಸುತ್ತಿದ್ದದ್ದು, ಒಂದು ಕಿವಿ ಮುರಿದದ್ದು.
ಅದನ್ನು ಎದೆಗೆ ಒತ್ತಿಕೊಂಡು ನೊರೀನ್ ನನ್ನ ಬಾಗಿಲಿಗೆ ಬಂದಳು:
"ಮನಿ, ನಿನಗೆ ಮಸಾಲೆ ಗೊತ್ತಲ್ಲ?"
(ಮುನಿವೆಂಕಟಪ್ಪ ಇಲ್ಲಿ ಸವೆದು ಸವೆದು ಮನಿ ಆಗಿದ್ದಾನೆ.
ದುಡ್ಡು ಬರಲಿಲ್ಲ, ಹೆಸರಾದರೂ ಬಂತು.)

ಮಸಾಲೆ ಗೊತ್ತು. ಹೆಂಡ ಗೊತ್ತಿಲ್ಲ.
ಹೀಗೆಂದರೆ ಪೂರ್ತಿ ನಿಜವೂ ಅಲ್ಲ.
ಇದೂ ಚಿನ್ನ ಬಗೆದು ಬಿಟ್ಟ ಊರು, ನಮ್ಮದೂ ಅಂಥದ್ದೇ.
ಚಾಂಪಿಯನ್ ರೀಫಿನ ಲೈನ್ ಮನೆಗೆ
ಅಪ್ಪನಿಗಿಂತ ಮೊದಲು ಅಪ್ಪನ ವಾಸನೆ ಬರುತ್ತಿತ್ತು.
ಸಂಬಳದ ಶನಿವಾರ ಅಮ್ಮ
ರಾಗಿ ಹಿಟ್ಟಿನ ಡಬ್ಬದ ತಳದಲ್ಲಿ ನೋಟು ಹೂತಿಡುತ್ತಿದ್ದಳು.
ಅವನು ಅದನ್ನೂ ಬಗೆಯುತ್ತಿದ್ದ,
ಕತ್ತಲಲ್ಲಿ ಬಗೆಯುವುದೇ ಅವನ ಕಸುಬು.
ಒಂದು ರಾತ್ರಿ ಹಿಟ್ಟು ಮೆತ್ತಿದ ಅಂಗೈ ಚಾಚಿ
ನನ್ನಿಂದ ಆಣೆ ಹಾಕಿಸಿಕೊಂಡಳು: ಕುಡಿಯಲ್ಲ ಅನ್ನು.
ಕುಡಿಯಲ್ಲ ಅಂದೆ. ಆಗ ಒಂಬತ್ತು ವರ್ಷ.
ಈಗ ಅರವತ್ತೊಂದು.

ನಾಲ್ಕು ಬಾಟಲಿ ಕೆಂಪು ವೈನು, ಅಗ್ಗದ್ದೇ ಸಾಕಂತೆ.
ಸೇಬಿನ ರಸ, ಕಂದು ಸಕ್ಕರೆ,
ಎರಡು ಕಿತ್ತಳೆ ಗಾಲಿ ಗಾಲಿಯಾಗಿ.
ಮೂರನೆಯ ಕಿತ್ತಳೆಗೆ ಲವಂಗ ಚುಚ್ಚಿದೆ,
ಕೂಸಿಗೆ ಕಿವಿ ಚುಚ್ಚುವಷ್ಟು ಮೆಲ್ಲಗೆ.
ಚಕ್ಕೆ ಮುರಿದೆ, ಏಲಕ್ಕಿಯನ್ನು ಬಾಯಿ ಬಿಡುವಷ್ಟೇ ಜಜ್ಜಿದೆ.
ಕೈ ತಾನಾಗಿ ಮೆಣಸಿಗೆ ಹೋಯಿತು, ಒಣಶುಂಠಿಗೂ ಹೋಯಿತು.
ನೆಗಡಿಗೆ ಅಮ್ಮ ಕಾಸುತ್ತಿದ್ದ ಕಷಾಯವಲ್ಲವೇನಯ್ಯಾ ಇದು,
ಬಣ್ಣ ಬೇರೆ, ಅಷ್ಟೆ.

ಮೊಮ್ಮಗಳು ಟಿಲ್ಲಿ ಸ್ಟೂಲು ಹತ್ತಿ ಕಾವಲು ನಿಂತಳು:
"ಪಂಚ್ ಅಂದರೆ ಐದು, ಅಜ್ಜ ಹೇಳಿದ್ದ."
ಹೌದಮ್ಮ, ಐದು. ನನ್ನ ಲೆಕ್ಕಕ್ಕೆ ಒಂಬತ್ತಾಗಿತ್ತು.
"ಮತ್ತೆ, ಕುದಿಸಬಾರದು."
ಆವಿ ಏಳಬೇಕು, ಗುಳ್ಳೆ ಏಳಬಾರದು.
ಕುದಿ ಬಂದರೆ ಸತ್ವ ಹಾರಿಹೋಗುತ್ತದೆ.
ಅಂಚಿನಲ್ಲಿ ಗುಳ್ಳೆ ಕಂಡಾಗಲೆಲ್ಲ ಉರಿ ತಗ್ಗಿಸುತ್ತಾ
ಒಂದು ಗಂಟೆ ನಿಂತೆ.
ಅಪ್ಪನ ಮೇಲಿನ ಸಿಟ್ಟನ್ನೂ ಹೀಗೇ ಇಟ್ಟುಕೊಂಡಿದ್ದೆನೇನೋ,
ಕುದಿಯಲೂ ಬಿಡದೆ, ಆರಲೂ ಬಿಡದೆ.

ರುಚಿ ನೋಡುವಂತಿಲ್ಲ ನಾನು. ಮೂಗಿನಲ್ಲೇ ಅಡುಗೆ.
ನೊರೀನ್ ಸೌಟಿನ ತುದಿಯಿಂದ ಹೀರಿ ಕಣ್ಣು ಮುಚ್ಚಿದಳು.
"ಡೆಸ್‌ನದಲ್ಲ" ಅಂದಳು.
ನಾನು ಉರಿ ನೋಡಿದೆ.
ಇನ್ನೊಂದು ಸೌಟು ಬಗ್ಗಿಸಿಕೊಂಡಳು.
"ಗಂಟಲಿಗೆ ಏನೋ ಹತ್ತುತ್ತದೆ, ಏನದು?"
ಮೆಣಸು.
"ಅವನಿಗೆ ಹಿಡಿಸುತ್ತಲೇ ಇರಲಿಲ್ಲ!" ಎಂದು ನಕ್ಕು
ಮೂಗು ಒರೆಸಿಕೊಂಡಳು. ಖಾರಕ್ಕಿರಬೇಕು.

ಹತ್ತು ಗಂಟೆಗೆ ಡ್ರಮ್ಮಿನಲ್ಲಿ ಕೆಂಡ ಮಾತ್ರ.
ಪಾತ್ರೆ ತೊಳೆಯಲು ನಲ್ಲಿಯ ಕೆಳಗೆ ಬಗ್ಗಿದೆ.
ತಳದಲ್ಲಿ ಒಂದು ಕಿತ್ತಳೆ ಹೋಳು,
ಊದಿಕೊಂಡು, ನೇರಳೆಗೆ ತಿರುಗಿ.
ಸುತ್ತ ನೋಡಿದೆ. ಟಿಲ್ಲಿಯ ನಾಯಿ ಬಿಟ್ಟರೆ ಯಾರಿಲ್ಲ.
ಬಾಯಿಗಿಟ್ಟು ಸಿಪ್ಪೆ ಸಮೇತ ಅಗಿದೆ.

ಕುಡಿಯಲಿಲ್ಲ ಅಮ್ಮಾ,
ತಿಂದೆ.

ಕಹಿ, ಆಮೇಲೆ ಸಿಹಿ, ಆಮೇಲೆ ಎದೆಯವರೆಗೂ ಬೆಚ್ಚಗೆ.
ಪಾತಾಳದ ಸೆಕೆಯಿಂದ ಮೇಲೆ ಬಂದವನಿಗೆ
ನಮ್ಮೂರ ಗಾಳಿ ಹೇಗೆ ಕೊರೆಯುತ್ತಿತ್ತೋ,
ಒಂದು ದಿನವೂ ಕೇಳಿರಲಿಲ್ಲ.
ಬೀಜವನ್ನು ಕತ್ತಲಿಗೆ ಉಗಿದು
ಪಾತ್ರೆ ಮಗುಚಿ ಹಾಕಿದೆ.